ಗಂಟಲು ಕಟ್ಟಿದ ಮೇಷ್ಟ್ರು, ಮಾತಿಲ್ಲದ ಸಿನಿಮಾ

ಜುಲೈ 3, ಬುಧವಾರ

ಒಂಬತ್ತನೇ ತರಗತಿಯ ಕಥೆಗಳನ್ನು ತಿದ್ದಿ ಮುಗಿಸಿದೆ. ತಿದ್ದಿದೆ ಅನ್ನುವುದಕ್ಕಿಂತ, ತರಗತಿಯಲ್ಲಿ ಎಷ್ಟು ತಲೆಗಳಿವೆಯೋ ಅಷ್ಟು ಸಲ ಒಂದೇ ಕಥೆಯನ್ನು ಓದಿದೆ ಅನ್ನುವುದು ವಾಸಿ. ಒಬ್ಬ ಬಡವ. ಒಬ್ಬ ಶ್ರೀಮಂತ. ದಾರಿಯಲ್ಲಿ ಬಿದ್ದ ಪರ್ಸು. ಬಡವ ಹಿಂತಿರುಗಿಸುತ್ತಾನೆ, ಶ್ರೀಮಂತ ಕಣ್ಣೀರು ಸುರಿಸುತ್ತಾನೆ, ಕೊನೆಗೊಂದು ನೀತಿ. ಒಬ್ಬ ಹುಡುಗ ಬಡವನ ತಾಯಿಯ ಹೃದ್ರೋಗವನ್ನೂ ಅದೇ ಸಾಲಿನಲ್ಲಿ ವಾಸಿ ಮಾಡಿ, ‘ಎಲ್ಲರೂ ಸುಖವಾಗಿದ್ದರು’ ಎಂದು ಪೂರ್ಣವಿರಾಮ ಇಟ್ಟಿದ್ದಾನೆ. ಡಾಕ್ಟರುಗಳು ಇವನ ಹತ್ತಿರ ಕಲಿಯಬೇಕು.

ಹಿಂದಿನ ಬೆಂಚಿನ ಹುಡುಗಿ ಎಂದಿನಂತೆ ಖಾಲಿ ಹಾಳೆ ಕೊಟ್ಟಿದ್ದಾಳೆ. ಪೀರಿಯಡ್ ಪೂರ್ತಿ ಪೆನ್ಸಿಲ್ ಚೂಪು ಮಾಡುತ್ತಾಳೆ, ಬರೆಯುವುದು ಮಾತ್ರ ಇಲ್ಲ. ತರಗತಿ ಅವಳಿಗೆ ಪೆನ್ಸಿಲ್ ಎಂದೇ ಹೆಸರಿಟ್ಟುಬಿಟ್ಟಿದೆ.

ಮಧ್ಯಾಹ್ನ ಹೆಡ್ ಮೇಡಂ ಕರೆಸಿದರು. “ಮೇಷ್ಟ್ರೇ, ಈ ಕಥೆ ಪೀರಿಯಡ್‌ನಿಂದ ಏನೂ ಉಪಯೋಗ ಕಾಣ್ತಿಲ್ಲ. ಆಗಸ್ಟ್‌ನೊಳಗೆ ಸುಧಾರಿಸಿಲ್ಲ ಅಂದ್ರೆ ಅದನ್ನ ಗಣಿತಕ್ಕೆ ಕೊಟ್ಟುಬಿಡ್ತೀನಿ. ಆ ಖಾಲಿ ಹಾಳೆ ಹುಡುಗಿನ ಓದಿನಲ್ಲಿ ಹಿಂದುಳಿದವರ ವಿಭಾಗಕ್ಕೆ ಹಾಕೋಣ” ಎಂದರು. ಕಥೆ ಎಂದರೇನು, ಮನುಷ್ಯನಿಗೆ ಅದು ಏಕೆ ಬೇಕು ಎಂಬುದನ್ನು ನಾನು ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ. ಅವರು ಗಡಿಯಾರ ನೋಡಿದರು.

ಮನೆಗೆ ಬಂದರೆ ಮಾವನವರು. ಹೆಂಡತಿ ನರ್ಸು. ಆಸ್ಪತ್ರೆಯವರು ಕಳಿಸಿದ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಾಳೆ, ದಸರೆಗೂ ಬರುವುದಿಲ್ಲ ಅನ್ನುವ ಹಾಗೆ ಹೋಗಿದ್ದಾಳೆ. ಅವಳ ಅಪ್ಪ ನಮ್ಮಲ್ಲೇ ಇದ್ದಾರೆ. ಅತ್ತೆ ತೀರಿಕೊಂಡ ಮೇಲೆ ಇಲ್ಲಿಗೆ ಬಂದವರು. ನಿವೃತ್ತ ಸ್ಟೇಷನ್ ಮಾಸ್ಟರ್. ಗಡಸು ಮನುಷ್ಯ, ಮೊಂಡರು, ಭಾವನೆ ಕಮ್ಮಿ. ನಾನು ಒಂದು ಗಂಟೆ ಮಾತಾಡಿದರೆ ಅವರು “ಸರಿ” ಎಂದು ಹಸಿರು ನಿಶಾನೆ ತೋರಿಸಿ ಎದ್ದು ಹೋಗುತ್ತಾರೆ. ಹೇಳುವವರಿದ್ದರೂ ಕೇಳುವವರಿಲ್ಲ. ಲೋಕದ ದೊಡ್ಡ ಬಡತನ ಇದೇ.

ಜುಲೈ 8, ಸೋಮವಾರ

ಗಂಟಲು ಹೋಯಿತು! ಬೆಳಿಗ್ಗೆ ಎದ್ದು “ಕಾಫಿ ಆಯ್ತಾ?” ಎಂದರೆ ಹಳೆಯ ಬಾಗಿಲಿನ ಸದ್ದು ಬಂತು. ಡಾಕ್ಟರು ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, “ಒಂದು ವಾರ ಒಂದು ಮಾತೂ ಆಡಬೇಡಿ. ಪಿಸುಮಾತೂ ಬೇಡ. ಏನ್ ಕೆಲಸ ನಿಮ್ದು?” ಎಂದರು. ಮೇಷ್ಟ್ರು ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. “ಪಾಪ ಮಕ್ಕಳು” ಎಂದರು. ಯಾವ ಅರ್ಥದಲ್ಲೋ ತಿಳಿಯಲಿಲ್ಲ.

ಮಾವನವರಿಗೂ ಚೀಟಿ ಬರೆದು ತೋರಿಸಿದೆ. ಅವರು ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. ಮುಖದಲ್ಲಿ ಒಂಥರಾ ಸಂತೋಷವಿತ್ತು. ಅಳಿಯ ಅಲ್ಲ, ಮಗಳ ಗಂಡ ಅನ್ನುವ ಹಾಗಿದೆ ನನ್ನ ಸ್ಥಾನ.

ಜುಲೈ 9, ಮಂಗಳವಾರ

ರಜೆ ಹಾಕಿದರೆ ಹೆಡ್ ಮೇಡಂ ಆ ಪೀರಿಯಡ್ಡನ್ನು ಇವತ್ತೇ ಗಣಿತಕ್ಕೆ ಕೊಟ್ಟುಬಿಡುತ್ತಾರೆ. ಹೋದೆ. ವಿಜ್ಞಾನದ ಮೇಷ್ಟ್ರು ನನ್ನ ಅವಸ್ಥೆ ನೋಡಿ ಪ್ರೊಜೆಕ್ಟರ್ ಕೊಟ್ಟರು. “ಇದರಲ್ಲಿ ಒಂದಿಷ್ಟು ಕಿರುಚಿತ್ರ ಇದಾವೆ, ಮಾತಿಲ್ಲದ್ದು. ಹಾಕಿ ಸುಮ್ನೆ ಕೂತ್ಕೊಳಿ, ಗಂಟೆ ಹೊಡೆಯುತ್ತೆ” ಎಂದರು. ನಾನು ಸಿನಿಮಾ ತೋರಿಸಿ ಪಾಠ ಕಳೆಯುವವನಲ್ಲ. ಆದರೆ ಬಾಯಿಗೆ ಬೀಗ ಬಿದ್ದವನು ಏನು ಮಾಡಬೇಕು?

ಚಿತ್ರ ಇಷ್ಟೇ. ಒಬ್ಬ ಮನುಷ್ಯ ಅಂಗಡಿಯಲ್ಲಿ ಒಂದು ಕುರ್ಚಿ ಕೊಳ್ಳುತ್ತಾನೆ. ಬಸ್ಸಿನಲ್ಲಿ ಜಾಗವಿಲ್ಲ, ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಸುಸ್ತಾಗುತ್ತದೆ, ಆದರೂ ಅದರ ಮೇಲೆ ಕೂರುವುದಿಲ್ಲ. ಮನೆಯಲ್ಲಿ ಒಂದು ಮೇಜು, ಒಂದೇ ಒಂದು ಕುರ್ಚಿ. ಹೊಸದನ್ನು ಎದುರಿಗೆ ಇಟ್ಟು ನೋಡುತ್ತಾನೆ. ಬಾಗಿಲು ಬಡಿದ ಸದ್ದು. ಹೋಗಿ ಚಿಲಕಕ್ಕೆ ಕೈ ಹಾಕುತ್ತಾನೆ. ಮುಗಿಯಿತು.

“ಯಾರು ಸಾರ್ ಬಂದಿದ್ದು?” ಇಡೀ ತರಗತಿ ನನ್ನ ಮೇಲೆ ಬಿತ್ತು. ಬಾಯಿದ್ದರೆ ನಾನು ಒಂಟಿತನದ ಬಗ್ಗೆ, ಮಾನವ ಸಂಬಂಧಗಳ ಬಗ್ಗೆ ಹೇಳಿಬಿಡುತ್ತಿದ್ದೆ. ಕೈ ಆಡಿಸಿ, ನೀವೇ ಹೇಳಿ ಎಂದು ಸನ್ನೆ ಮಾಡಿದೆ. ಮುಂದಿನ ಬೆಂಚಿನ ಒಬ್ಬನಿದ್ದಾನೆ, ನಿದ್ದೆಯಲ್ಲೂ ಮಾತಾಡುವವನು, ರೇಡಿಯೋ ಎಂದು ಕರೆಯುತ್ತಾರೆ. “ಸಾರ್, ಅತ್ತೆ ಬಂದಿರ್ತಾಳೆ! ಇಲ್ಲಾಂದ್ರೆ ಅಷ್ಟು ಗಾಬರಿ ಯಾಕೆ?” ಎಂದ. ಒಬ್ಬಳು “ಇಲ್ಲ ಸಾರ್, ಅವನು ಒಳ್ಳೆಯವನು, ಅವನ ಸ್ನೇಹಿತ ಬಂದಿದಾನೆ” ಎಂದಳು. ನಾನು ಬೋರ್ಡಿನ ಮೇಲೆ ಬರೆದೆ: ‘ಒಳ್ಳೆಯತನ ಪರದೆಯ ಮೇಲೆ ಎಲ್ಲಿ ಕಾಣಿಸಿತು?’ ಗದ್ದಲ ನಿಂತಿತು. ತಮಾಷೆಗೆ ಬರೆದದ್ದು, ಅವರು ನಿಜವಾಗಿಯೂ ಯೋಚಿಸತೊಡಗಿದರು.

ಆಗ ಹಿಂದಿನಿಂದ ಒಂದು ಸಣ್ಣ ದನಿ. “ಬಾಗಿಲು ತೆಗೆಯೋಕೆ ಮುಂಚೆ ಅಂಗೈ ಪ್ಯಾಂಟಿಗೆ ಒರೆಸಿಕೊಂಡ ಸಾರ್.” ಪೆನ್ಸಿಲ್. “ಬಂದಿರೋರು ಅವನನ್ನ ಬಿಟ್ಟು ಹೋಗಿದ್ದೋರು. ಗೊತ್ತಿಲ್ದೋರಿಗೆ ಯಾರೂ ಕೈ ಒರೆಸ್ಕೊಳಲ್ಲ.”

ನಾನು ಅದನ್ನು ನೋಡಿಯೇ ಇರಲಿಲ್ಲ. ಮತ್ತೆ ಹಾಕಿ ನೋಡಿದೆವು. ಒರೆಸಿಕೊಂಡಿದ್ದ.

ಜುಲೈ 12, ಶುಕ್ರವಾರ

ವಿಚಿತ್ರ. ನಾನು ಮಾತು ಬಿಟ್ಟದ್ದೇ ತಡ, ಮಾವನವರು ಶುರು ಮಾಡಿದ್ದಾರೆ. ಊಟದ ಹೊತ್ತಿಗೆ ಒಂದು, ಸಂಜೆಗೆ ಒಂದು. ಮಂಜು ಮುಸುಕಿ ಗಾಡಿ ನಿಂತ ಕಥೆ. ಪ್ಲಾಟ್‌ಫಾರ್ಮಿನಲ್ಲಿ ಹೆಣ್ಣೊಬ್ಬಳು ಹೆತ್ತ ಕಥೆ. ಇವರೊಳಗೆ ಇಷ್ಟೊಂದು ಮಾತು ಯಾವ ಗೋದಾಮಿನಲ್ಲಿತ್ತೋ! ಮಧ್ಯೆ ನನ್ನದೂ ಒಂದು ಸೇರಿಸೋಣವೆಂದು ಬಾಯಿ ತೆರೆದರೆ ಬೆರಳು ಎತ್ತಿ ಕೆಂಪು ನಿಶಾನೆ ತೋರಿಸುತ್ತಾರೆ.

ಇವತ್ತು ಅವರ ಪೇಪರ್ ಕೈಗೆ ಸಿಕ್ಕಿತು. ಪದಬಂಧದಲ್ಲಿ ಮೇಲಿನಿಂದ ಕೆಳಕ್ಕೆ ಬರುವ ಪದಗಳಷ್ಟೇ ತುಂಬಿದ್ದಾರೆ. ಎಡದಿಂದ ಬಲಕ್ಕೆ ಒಂದೂ ಇಲ್ಲ. ಹಳೆಯ ಪೇಪರುಗಳನ್ನು ತೆಗೆದು ನೋಡಿದೆ, ಎಲ್ಲದರಲ್ಲೂ ಹಾಗೆಯೇ. ಬೆರಳಿಟ್ಟು ತೋರಿಸಿ ಹುಬ್ಬು ಹಾರಿಸಿದೆ. ಅವರು ಕನ್ನಡಕ ಒರೆಸುತ್ತಾ, “ಅಡ್ಡ ಸಾಲು ನಿಮ್ಮತ್ತೇದು. ನಾನು ತುಂಬಿದ್ರೆ ಜಗಳ ಆಡೋಳು” ಎಂದರು. ಕನ್ನಡಕ ಹಾಕಿಕೊಂಡು ಎದ್ದು ಹೋಗಿ ಗಿಡಕ್ಕೆ ನೀರು ಹಾಕಿದರು. ಬೆಳಿಗ್ಗೆ ಒಮ್ಮೆ ಹಾಕಿದ್ದ ಗಿಡಕ್ಕೇ.

ಜುಲೈ 18, ಗುರುವಾರ

ಗಂಟಲು ಮರಳಿತು. ವಾರದ ಬಾಕಿಯನ್ನೆಲ್ಲ ತೀರಿಸುವ ಹುರುಪಿನಲ್ಲಿ ತರಗತಿಗೆ ಹೋಗಿ, ಕಥೆಯ ಆದಿ, ಮಧ್ಯ, ಅಂತ್ಯ ಎಂದು ಶುರು ಮಾಡಿದೆ. ಮಕ್ಕಳ ಮುಖ ಸಂಜೆಯ ಹೂವಿನಂತೆ ಬಾಡಿತು. ರೇಡಿಯೋ ಎದ್ದು ನಿಂತ. “ಸಾರ್, ಬೇಜಾರು ಮಾಡ್ಕೋಬೇಡಿ. ನಿಮಗೆ ಹುಷಾರಿಲ್ದೇ ಇದ್ದಾಗ್ಲೇ ಪಾಠ ಚೆನ್ನಾಗಿತ್ತು.”

ಹುಡುಗನ ಕಿವಿ ಹಿಂಡಬೇಕಿತ್ತು. ವಿಜ್ಞಾನದ ಮೇಷ್ಟ್ರ ಹತ್ತಿರ ಹೋಗಿ ಪ್ರೊಜೆಕ್ಟರ್ ತಂದೆ. ಈ ಸಲ ಪ್ರೊಜೆಕ್ಟರಿನ ಕಣ್ಣಿನ ಮೇಲೆ ಮೇಜಿನ ಬಟ್ಟೆ ಹೊದಿಸಿಬಿಟ್ಟೆ. ಚಿತ್ರ ಕಾಣಬಾರದು, ಸದ್ದು ಮಾತ್ರ ಕೇಳಬೇಕು. ನಲ್ಲಿ ತೊಟ್ಟಿಕ್ಕುವ ಸದ್ದು. ಚಪ್ಪಲಿ ಎಳೆದುಕೊಂಡು ನಡೆಯುವ ಸದ್ದು. ಏನೋ ಬಿದ್ದು ಉರುಳಿತು, ಒಂದು ಮಗು ನಕ್ಕಿತು, ಆಮೇಲೆ ಏನೂ ಇಲ್ಲ. ಕೇಳಿದ್ದನ್ನು ಕಥೆ ಮಾಡಿ ಎಂದೆ. ಬರೆದಾದ ಮೇಲೆ ಬಟ್ಟೆ ತೆಗೆದು ತೋರಿಸಿದೆ. “ಛೇ, ನಂದೇ ಚೆನ್ನಾಗಿತ್ತು!” ಎಂದು ಅರ್ಧ ತರಗತಿ ಕೂಗಿತು.

ಇವತ್ತಿನ ಕಥೆಗಳಲ್ಲಿ ಪರ್ಸು ಕಳೆದುಕೊಂಡ ಶ್ರೀಮಂತ ಒಬ್ಬನೂ ಇರಲಿಲ್ಲ. ಎಲ್ಲಿ ಹೋದನೋ ಪುಣ್ಯಾತ್ಮ.

ಪೆನ್ಸಿಲ್ ಒಂದು ಸಾಲು ಬರೆದಿದ್ದಳು: ‘ಚಪ್ಪಲಿ ದೊಡ್ಡವರದ್ದು, ಕಾಲು ಚಿಕ್ಕವರದ್ದು.’

ಜುಲೈ 26, ಶುಕ್ರವಾರ

ಮನೆಗೆಲಸ ಕೊಟ್ಟಿದ್ದೆ: ನಿಮ್ಮ ಕಣ್ಣೇ ಕ್ಯಾಮೆರಾ. ಗೊತ್ತಿರುವ ಒಬ್ಬರನ್ನು ಸುಮ್ಮನೆ ನೋಡಿ. ಕಂಡದ್ದು, ಕೇಳಿದ್ದು ಮಾತ್ರ ಬರೆಯಿರಿ. ದುಃಖ, ಪ್ರೀತಿ, ಕೋಪ ಎಂಬ ಪದಗಳಿಗೆ ಪ್ರವೇಶವಿಲ್ಲ. “ನೀವೂ ಬರೀಬೇಕು ಸಾರ್” ಎಂದು ಹಟ ಹಿಡಿದಿದ್ದರು. ಬರೆದೆ. ಮಾವನವರ ಪದಬಂಧದ ಬಗ್ಗೆ. ಅವರನ್ನು ಕೇಳಿಯೇ ಬರೆದೆ. “ಸ್ಟೇಷನ್ ಹೆಸರು ಹಾಕಬೇಡ” ಎಂದಷ್ಟೇ ಹೇಳಿದರು.

ಇವತ್ತು ಓದಿದೆ. ಕೊನೆಯ ಸಾಲು ಹೀಗಿತ್ತು: ‘ಹೀಗೆ ಪ್ರೀತಿಗೆ ಸಾವಿಲ್ಲ ಎಂಬುದನ್ನು ಆ ಖಾಲಿ ಚೌಕಗಳು ಸಾರುತ್ತಿದ್ದವು.’ ನನಗೇ ಮೈ ಜುಮ್ಮೆಂದಿತ್ತು. ಪೆನ್ಸಿಲ್ ಕೈ ಎತ್ತಿದಳು.

“ಸಾರ್, ಕೊನೇ ಸಾಲು ಬೇಡ.”

“ಯಾಕಮ್ಮ?”

“ಚೌಕಗಳು ಸಾರಲ್ಲ ಸಾರ್. ಸುಮ್ನಿರ್ತವೆ.”

“ಪ್ರೀತಿಗೆ ಪ್ರವೇಶ ಇಲ್ಲ ಅಂತ ನೀವೇ ಹೇಳಿದ್ರಿ!” ಎಂದು ರೇಡಿಯೋ ಗಾಯಕ್ಕೆ ಉಪ್ಪು ಸುರಿದ. ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರಿಗೇ ಪಾಠ! ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿದೆ.

ಸಂಜೆ ಮಾವನವರಿಗೆ ಓದಿ ಹೇಳಿದೆ, ಕೊನೆಯ ಸಾಲಿಲ್ಲದೆ. ಅವರು ಪೇಪರನ್ನು ನನ್ನ ಕಡೆ ತಳ್ಳಿ, “ಎಡದಿಂದ ಬಲಕ್ಕೆ, ಏಳನೇದು ನೋಡು. ಮೂರಕ್ಷರ. ‘ಹಟಮಾರಿ ಪ್ರಾಣಿಗೆ ಬಾಲವೂ ಉಂಟು.’” ಎಂದರು. ‘ಕೋಣ’ ಎಂದೆ. “ಅದು ಎರಡಕ್ಷರ ಕಣಯ್ಯಾ, ಭಾಷೆ ಮೇಷ್ಟ್ರು ಅಂತೀಯ!” ಎಂದು ಹೊಟ್ಟೆ ಹಿಡಿದು ನಕ್ಕರು. ಅವರು ನಗುವಾಗ ಭುಜ ಮಾತ್ರ ಕುಣಿಯುತ್ತದೆ, ಸದ್ದು ಆಮೇಲೆ ಬರುತ್ತದೆ.

ಆಗಸ್ಟ್ 2, ಶುಕ್ರವಾರ

ಗ್ರಹಚಾರ. ಯಾರದೋ ತಂದೆ ಹೆಡ್ ಮೇಡಂಗೆ ಫೋನ್ ಮಾಡಿ, “ನಮ್ಮ ಮಕ್ಕಳನ್ನ ಶಾಲೆಗೆ ಸಿನಿಮಾ ನೋಡೋಕೆ ಕಳಿಸ್ತೀವಾ?” ಎಂದರಂತೆ. ಮೇಡಂ ನನ್ನನ್ನು ನಿಲ್ಲಿಸಿಯೇ ಮಾತಾಡಿದರು. “ನಾನು ಬರವಣಿಗೆ ಸುಧಾರಿಸಿ ಅಂದ್ರೆ ನೀವು ಟಾಕೀಸ್ ತೆಗೆದಿದ್ದೀರಿ. ಮುಂದಿನ ಶುಕ್ರವಾರದೊಳಗೆ ಇದರಿಂದ ಏನಾಯ್ತು ಅಂತ ನನ್ನ ಮೇಜಿನ ಮೇಲೆ ತಂದಿಡಿ. ಎರಡು ಕಥೆ ಸಾಕು. ಅದರಲ್ಲಿ ಒಂದು ಆ ಖಾಲಿ ಹಾಳೆ ಹುಡುಗೀದು.”

ಅವಳು ಒಂದು ಸಾಲಿನ ಮೇಲೆ ಎರಡನೇ ಸಾಲು ಬರೆದವಳಲ್ಲ. ಬಂಡೆಯ ಮೇಲೆ ಬೀಜ ಬಿತ್ತಿ ನಾಳೆ ಫಸಲು ತೋರಿಸು ಎಂದ ಹಾಗಾಯಿತು.

ಆಗಸ್ಟ್ 6, ಮಂಗಳವಾರ

ಪೆನ್ಸಿಲ್ ಬರೆದಿದ್ದಾಳೆ.

ಇವತ್ತು ಒಂದು ಚಿತ್ರ ಹಾಕಿದ್ದೆ. ಒಬ್ಬ ಮುದುಕಿ ಮನೆ ಬದಲಾಯಿಸುತ್ತಾಳೆ, ಸಾಮಾನೆಲ್ಲ ಲಾರಿಗೆ ಹೋಗುತ್ತದೆ, ಖಾಲಿ ಕೋಣೆಯಲ್ಲಿ ಅವಳ ಕೈ ಗೋಡೆಯ ಮೇಲೆ ಸ್ವಿಚ್ಚನ್ನು ನೋಡದೆಯೇ ಹುಡುಕಿ ಆರಿಸುತ್ತದೆ. ಅಷ್ಟೇ. ಚಿತ್ರ ಮುಗಿದ ಮೇಲೆ ಯಾರೂ ಚರ್ಚೆ ಮಾಡಲಿಲ್ಲ. ಪೆನ್ಸಿಲ್ ಬರೆಯುತ್ತಿದ್ದಳು. ಊಟದ ಗಂಟೆ ಹೊಡೆಯಿತು, ಎಲ್ಲ ಹೊರಗೆ ಓಡಿದರು, ಅವಳು ಬರೆಯುತ್ತಲೇ ಇದ್ದಳು. ಸೀಸದ ಮೊನೆ ಮೊಂಡಾಗಿತ್ತು, ಚೂಪು ಮಾಡಿಕೊಳ್ಳಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ಯಾರೂ ಒಳಗೆ ಬಾರದ ಹಾಗೆ.

ಕಥೆಯಲ್ಲಿ ಒಬ್ಬ ಹುಡುಗಿಗೆ ಎರಡು ಮನೆ. ಒಂದು ವಾರ ಅಪ್ಪನದು, ಒಂದು ವಾರ ಅಮ್ಮನದು. ಅಪ್ಪನ ಮನೆಯಲ್ಲಿ ಹಾಸಿಗೆ ಗೋಡೆಯ ಪಕ್ಕ, ಅಮ್ಮನ ಮನೆಯಲ್ಲಿ ಕಿಟಕಿಯ ಪಕ್ಕ. ಬೆಳಿಗ್ಗೆ ಎಚ್ಚರವಾದಾಗ ಅವಳು ಕಣ್ಣು ತೆರೆಯುವುದಿಲ್ಲ. ಮೊದಲು ಕೈ ಚಾಚುತ್ತಾಳೆ. ಒರಟಾಗಿ ತಣ್ಣಗಿದ್ದರೆ ಗೋಡೆ, ಇವತ್ತು ಅಪ್ಪ ಬ್ರೆಡ್ ಸುಡುತ್ತಾರೆ. ನುಣ್ಣಗಿದ್ದರೆ ಗಾಜು, ಅಮ್ಮ ಈಗಾಗಲೇ ಕೆಲಸಕ್ಕೆ ಹೋಗಿರುತ್ತಾಳೆ. ಒಂದು ದಿನ ಜ್ವರದಲ್ಲಿ ಹಾಸಿಗೆಯಲ್ಲೆಲ್ಲ ಹೊರಳಾಡಿ, ಕೈ ಚಾಚಿದರೆ ಏನೂ ಸಿಗುವುದಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ, ಅಪ್ಪ ಎನ್ನಲೋ ಅಮ್ಮ ಎನ್ನಲೋ ತಿಳಿಯದೆ, “ಯಾರಾದ್ರೂ ಇದೀರಾ?” ಎನ್ನುತ್ತಾಳೆ.

ಅಲ್ಲಿಗೆ ಮುಗಿಯುತ್ತದೆ. ದುಃಖ ಎಂಬ ಪದ ಎಲ್ಲೂ ಇಲ್ಲ. ಶಾಲೆಯ ಕೊಳಾಯಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ.

ಇವಳೂ ಉಳಿದಳು, ಪೀರಿಯಡ್ಡೂ ಉಳಿಯಿತು! ಶುಕ್ರವಾರ ಇದನ್ನು ಮೇಡಂ ಮೇಜಿನ ಮೇಲಿಟ್ಟರೆ ಸಾಕು.

ಆಗಸ್ಟ್ 8, ಗುರುವಾರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳನ್ನು ವರಾಂಡಕ್ಕೆ ಕರೆದು, “ನಾಳೆ ನಿನ್ನ ಕಥೆನ ಹೆಡ್ ಮೇಡಂಗೆ ತೋರಿಸ್ತೀನಿ” ಎಂದೆ.

“ಬೇಡ ಸಾರ್.”

“ತುಂಬಾ ಚೆನ್ನಾಗಿದೆ ಕಣಮ್ಮ.”

“ಬೇಡ. ಅವ್ರು ಅಪ್ಪ ಅಮ್ಮನ್ನ ಕರೆಸ್ತಾರೆ. ಇಬ್ರೂ ಒಬ್ಬರನ್ನೊಬ್ರು ಬೈತಾರೆ. ನಾನು ನಿಮಗೆ ಅಂತ ಬರೆದಿದ್ದು.” ಆಮೇಲೆ, “ನಿಮಗೂ ಅಲ್ಲ. ಸುಮ್ನೆ ಬರೆದಿದ್ದು.”

ತೋರಿಸದಿದ್ದರೆ ಅವಳನ್ನು ಬೇರೆ ವಿಭಾಗಕ್ಕೆ ಹಾಕುತ್ತಾರೆ ಎಂದು ಹೇಳಿದೆ. ಗೊತ್ತು ಎಂದಳು. ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ನನ್ನ ಬಾಯಲ್ಲಿ ಹೇಳುವುದಕ್ಕೆ ಏನೇನೋ ಇತ್ತು. ಧೈರ್ಯ, ಅವಕಾಶ, ಭವಿಷ್ಯ. ಹಾಳೆಯನ್ನು ಮಡಚಿ ಅವಳ ಕೈಗೇ ವಾಪಸ್ ಕೊಟ್ಟೆ.

ಮಾವನವರಿಗೆ ಇಷ್ಟು ಮಾತ್ರ ಹೇಳಿದೆ: ಒಂದು ಒಳ್ಳೆ ಕಥೆ ಇದೆ, ತೋರಿಸುವ ಹಾಗಿಲ್ಲ. ಏನು ಕಥೆ ಎಂದು ಅವರು ಕೇಳಲಿಲ್ಲ. “ಸಿಗ್ನಲ್ ಬೀಳದೆ ಗಾಡಿ ಬಿಡೋ ಹಾಗಿಲ್ಲ. ಒಳಗಿರೋರು ಎಷ್ಟೇ ಕೂಗಾಡ್ಲಿ” ಎಂದರು.

ಆಗಸ್ಟ್ 9, ಶುಕ್ರವಾರ

ರೇಡಿಯೋನ ಕಥೆ ಒಂದನ್ನೇ ತೆಗೆದುಕೊಂಡು ಹೋದೆ. ಮೇಡಂ ಕನ್ನಡಕ ಏರಿಸಿ ಓದತೊಡಗಿದರು. ಅಜ್ಜನ ಹಲ್ಲಿನ ಸೆಟ್ಟು ಕಳೆದುಹೋದ ಕಥೆ. ಅಜ್ಜನಿಗೆ ಮಧ್ಯಾಹ್ನ ಹಳೆಯ ಸ್ನೇಹಿತೆಯೊಬ್ಬಳು ಬರುವವಳಿದ್ದಾಳೆ. ಮನೆಮಂದಿಯೆಲ್ಲ ಸೋಫಾ ತಲೆಕೆಳಗು ಮಾಡಿ ಹುಡುಕುತ್ತಾರೆ, ಅಜ್ಜ ಮಾತ್ರ ಬಾಯಿ ಮುಚ್ಚಿಕೊಂಡು ಕನ್ನಡಿಯ ಮುಂದೆ ನಗುವುದನ್ನು ಅಭ್ಯಾಸ ಮಾಡುತ್ತಾನೆ. ಹೊರಗೆ ಆಟೋ ನಿಂತ ಸದ್ದು. ಕಥೆ ಮುಗಿಯಿತು.

ಮೇಡಂ ಹಾಳೆ ತಿರುವಿದರು. ಹಿಂದೆ ಏನೂ ಇರಲಿಲ್ಲ. “ಮುಂದೆ?” ಎಂದರು.

“ಅಷ್ಟೇ ಮೇಡಂ.”

“ಅಷ್ಟೇ ಅಂದ್ರೆ? ಹಲ್ಲು ಸಿಕ್ತಾ ಇಲ್ವಾ? ಅಜ್ಜ ಬಾಯಿ ತೆಗೆದ್ನಾ?”

ಅವರು ಹಾಳೆಯನ್ನು ಇನ್ನೊಮ್ಮೆ ತಿರುವಿದರು. ಮೇಜಿನ ಮೇಲಿಟ್ಟರು. ಮತ್ತೆ ಎತ್ತಿಕೊಂಡು ಕನ್ನಡಿಯ ಭಾಗ ಓದಿದರು. ಕೆನ್ನೆಯ ಒಂದು ಬದಿ ಅಲುಗಿತು.

“ಸರಿ. ಆ ಹುಡುಗೀದು?”

“ಬರೆದಿದಾಳೆ. ನಾನು ಓದಿದೀನಿ. ತೋರಿಸೋಕಾಗಲ್ಲ.”

“ಯಾಕೆ?”

“ಅವಳು ಬೇಡ ಅಂದ್ಲು.”

ಮೇಡಂ ನನ್ನನ್ನೇ ನೋಡಿದರು. ನಾನು ಭಾಷಣ ಶುರು ಮಾಡುತ್ತೇನೆಂದು ಕಾದರೋ ಏನೋ. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಮಗ್ಗಿ ಒಪ್ಪಿಸುತ್ತಿದ್ದರು. ಕೊನೆಗೆ ಅವರು ಪೆನ್ನಿನ ಮುಚ್ಚಳ ಹಾಕಿದರು.

“ನೀವು ಓದಿದ್ರೆ ಸಾಕು. ಮಾರ್ಕು ನೀವೇ ಹಾಕಿ. ಅವಳು ಎಲ್ಲಿದಾಳೋ ಅಲ್ಲೇ ಇರ್ಲಿ. ಸಿನಿಮಾ ವಾರ ಬಿಟ್ಟು ವಾರ, ಬಾಗಿಲು ಹಾಕ್ಕೊಂಡು. ಆ ಫೋನ್ ಮಾಡಿದ ಅಪ್ಪನಿಗೆ ನಾನು ಹೇಳ್ತೀನಿ.” ನಾನು ಬಾಗಿಲಿಗೆ ಬಂದಾಗ ಕರೆದರು. “ಮೇಷ್ಟ್ರೇ, ನಿಜ ಹೇಳಿ, ಹಲ್ಲು ಎಲ್ಲಿತ್ತು?”

ಆಗಸ್ಟ್ 11, ಭಾನುವಾರ

ಹೆಂಡತಿಯ ಫೋನ್. ಅವಳ ವಾರ್ಡಿನ ಕಥೆ, ಹಾಸ್ಟೆಲಿನ ಜೊತೆಗಾತಿಯ ಗೊರಕೆಯ ಕಥೆ, ಪರೀಕ್ಷೆಯ ಭಯ, ಎಲ್ಲ ಹೇಳಿದಳು. ಆಮೇಲೆ ತಟ್ಟನೆ, “ಏನ್ರೀ ಇದು, ಇಷ್ಟು ಹೊತ್ತೂ ನಾನೇ ಮಾತಾಡ್ತಿದೀನಿ. ನಿಮ್ಮ ಗಂಟಲು ಇನ್ನೂ ಸರಿಹೋಗಿಲ್ವಾ?” ಎಂದಳು. ಸರಿಹೋಗಿ ಎಷ್ಟೋ ದಿನವಾಯಿತು ಎಂದೆ. “ಉಪ್ಪುನೀರಲ್ಲಿ ಮುಕ್ಕಳಿಸಿ” ಎಂದಳು. ನರ್ಸುಗಳಿಗೆ ಎಲ್ಲರೂ ರೋಗಿಗಳೇ. ಆದರೂ ಮುಕ್ಕಳಿಸಿದೆ.

ಮಾವನವರು ಪದಬಂಧದ ಅಡ್ಡ ಸಾಲುಗಳನ್ನು ನನಗೆ ಬಿಟ್ಟಿದ್ದಾರೆ. ನಾನು ತಪ್ಪು ತುಂಬಿದರೆ ಅವರ ಕೆಳಸಾಲು ಕೆಡುತ್ತದೆ, ಆಗ ಜಗಳ. ಇವತ್ತು ಚೆನ್ನಾಗಿ ಜಗಳವಾಯಿತು.

ಆಗಸ್ಟ್ 19, ಸೋಮವಾರ

ಶಾಲೆ ಬಿಟ್ಟ ಮೇಲೆ ಪೆನ್ಸಿಲ್ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅವತ್ತು ನಾನು ಮಡಚಿ ಕೊಟ್ಟ ಹಾಳೆ, ಮಡಿಕೆಯ ಹತ್ತಿರ ಸ್ವಲ್ಪ ಹರಿದಿತ್ತು.

“ಸಾರ್, ಇದನ್ನ ಜೆರಾಕ್ಸ್ ಮಾಡಿಸ್ಬೇಕು. ಎರಡು ಕಾಪಿ.”

ಆಫೀಸಿನ ಕ್ಲರ್ಕ್ ಹೊರಟುಹೋಗಿದ್ದರು. ನಾನೇ ಮೆಷಿನ್ ಹಾಕಿದೆ. ಅದು ಬಿಸಿಯಾಗಲು ಸಮಯ ತೆಗೆದುಕೊಂಡಿತು. ಅವಳು ಪಕ್ಕದಲ್ಲಿ ನಿಂತು ಹಸಿರು ದೀಪವನ್ನೇ ನೋಡುತ್ತಿದ್ದಳು. ಬೆಳಕು ಗಾಜಿನ ಕೆಳಗೆ ಒಮ್ಮೆ ಹಾದುಹೋಯಿತು, ಮತ್ತೊಮ್ಮೆ ಹಾದುಹೋಯಿತು. ಮೊದಲ ಪ್ರತಿಯನ್ನು ಅವಳು ಕೆನ್ನೆಗೆ ಒತ್ತಿ, “ಬಿಸಿ ಇದೆ” ಎಂದಳು.

ಮೂಲವನ್ನು ಚೀಲದೊಳಗೆ ಹಾಕಿಕೊಂಡಳು. ಎರಡು ಪ್ರತಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಬಗ್ಗಿ ಸಾಲು ಸಾಲಾಗಿ ಹೋಲಿಸಿ ನೋಡಿದಳು.

“ಯಾವುದು ಮೊದಲನೇದು ಅಂತ ಗೊತ್ತಾಗಲ್ಲ ಅಲ್ವಾ ಸಾರ್?”

“ಇಲ್ಲಮ್ಮ. ಎರಡೂ ಒಂದೇ.”

ಅವಳು ಎರಡನ್ನೂ ಬೆನ್ನ ಹಿಂದೆ ಹಿಡಿದು, ಕಣ್ಣು ಮುಚ್ಚಿ, ಅದಲು ಬದಲು ಮಾಡಿದಳು. ಮತ್ತೆ ಮಾಡಿದಳು. ಆಮೇಲೆ ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಹಿಡಿದುಕೊಂಡು ಗೇಟಿನ ಕಡೆಗೆ ನಡೆದಳು.